ರಾಮಾನುಜನ್ ಓದಿದ್ದು ಟ್ರಿನಿಟಿಯಲ್ಲೋ, ಕೇಂಬ್ರಿಡ್ಜ್‌ನಲ್ಲೋ?

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಬಗ್ಗೆ ಒಂದು ಕಡೆ ‘ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಹೋದರು’ ಎಂದು ಬರೆದಿರುತ್ತಾರೆ. ಇನ್ನೊಂದು ಕಡೆ ‘ಟ್ರಿನಿಟಿ ಕಾಲೇಜು ಸೇರಿದರು’ ಎಂದಿರುತ್ತದೆ. ನೆಹರೂ ವಿಷಯದಲ್ಲೂ ಹೀಗೇ, ಐಸಾಕ್ ನ್ಯೂಟನ್ ವಿಷಯದಲ್ಲೂ ಹೀಗೇ. ಎರಡೂ ಒಂದೇ ಇರಬೇಕು ಎಂದುಕೊಂಡು ನಾವು ಮುಂದಿನ ಸಾಲಿಗೆ ಹೋಗುತ್ತಿದ್ದೆವು. ಈಗ ಹಾಗೆ ಹೋಗಲು ಆಗುತ್ತಿಲ್ಲ. ಪಿಯುಸಿ ಮುಗಿಯುವ ಮೊದಲೇ ಹೊರದೇಶಕ್ಕೆ ಅರ್ಜಿ ತುಂಬುವ ಮಕ್ಕಳು ಹೆಚ್ಚಾಗಿದ್ದಾರೆ. ಕೇಂಬ್ರಿಡ್ಜ್‌ನ ಅರ್ಜಿಯಲ್ಲಿ ‘ಯಾವ ವಿಷಯ’ ಎಂಬುದರ ಜೊತೆಗೇ ‘ಯಾವ ಕಾಲೇಜು’ ಎಂದೂ ಕೇಳುತ್ತಾರೆ. ಗಣಿತಕ್ಕೆ ಯಾವ ಕಾಲೇಜು, ಎಂಜಿನಿಯರಿಂಗ್‌ಗೆ ಯಾವ ಕಾಲೇಜು ಎಂದು ಅಪ್ಪ ಅಮ್ಮ ಹುಡುಕಲು ಕೂರುತ್ತಾರೆ. ನೇರವಾದ ಉತ್ತರ ಸಿಗುವುದಿಲ್ಲ, ಏಕೆಂದರೆ ಅಲ್ಲಿನ ಕಾಲೇಜುಗಳು ವಿಷಯವಾರು ಹಂಚಿಕೆಯಾಗಿಲ್ಲ.

ಆ ಊರಿನಲ್ಲಿ ಒಟ್ಟು 31 ಕಾಲೇಜುಗಳಿವೆ. ಅವುಗಳಲ್ಲಿ ನಮ್ಮವರ ಹೆಸರು ಹೆಚ್ಚು ಕೇಳಿಬರುವ ಟ್ರಿನಿಟಿಯ ಕಥೆಯನ್ನು ತಿಳಿದುಕೊಂಡರೆ ಉಳಿದವುಗಳ ಸ್ವಭಾವವೂ ಅರ್ಥವಾಗುತ್ತದೆ.

ಕಾಲೇಜು ಎಂದರೆ ಅಲ್ಲಿ ಏನು?

ನಮ್ಮಲ್ಲಿ ಕಾಲೇಜು ಎಂದರೆ ಪಾಠ ನಡೆಯುವ ಜಾಗ. ವಿಶ್ವವಿದ್ಯಾಲಯ ಎಲ್ಲೋ ದೂರದಲ್ಲಿದ್ದುಕೊಂಡು ಪಠ್ಯಕ್ರಮ ಗೊತ್ತುಮಾಡುತ್ತದೆ, ಪರೀಕ್ಷೆ ನಡೆಸುತ್ತದೆ, ಪದವಿ ಕೊಡುತ್ತದೆ. ಕೇಂಬ್ರಿಡ್ಜ್‌ನಲ್ಲಿ ಉಪನ್ಯಾಸ, ಪ್ರಯೋಗಾಲಯ, ಪರೀಕ್ಷೆ, ಪದವಿ ನಾಲ್ಕೂ ವಿಶ್ವವಿದ್ಯಾಲಯದ ಜವಾಬ್ದಾರಿ. ಪದವಿ ವಿದ್ಯಾರ್ಥಿಗಳಲ್ಲಿ ಯಾರನ್ನು ಸೇರಿಸಿಕೊಳ್ಳುವುದು, ಅವರು ಎಲ್ಲಿ ಮಲಗುವುದು, ಎಲ್ಲಿ ಊಟ ಮಾಡುವುದು, ಕಾಯಿಲೆ ಬಿದ್ದರೆ ವಿಚಾರಿಸುವವರು ಯಾರು, ಇವೆಲ್ಲ ಕಾಲೇಜಿನದು. ಭೌತಶಾಸ್ತ್ರದ ಉಪನ್ಯಾಸಕ್ಕೆ ಎಲ್ಲ ಕಾಲೇಜಿನವರೂ ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ಕೂರುತ್ತಾರೆ. ಸಂಜೆ ಅವರವರ ಕಾಲೇಜಿಗೆ ಮರಳುತ್ತಾರೆ.

ಪಾಠದಲ್ಲಿ ಕಾಲೇಜಿನ ಪಾಲೂ ಒಂದಿದೆ. ಅದಕ್ಕೆ ‘ಸೂಪರ್‌ವಿಷನ್’ ಎನ್ನುತ್ತಾರೆ. ಒಬ್ಬರು, ಇಬ್ಬರು, ಹೆಚ್ಚೆಂದರೆ ಮೂವರು ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರ ಎದುರು ಸುಮಾರು ಒಂದು ಗಂಟೆ ಕೂರುತ್ತಾರೆ. ಮೊದಲೇ ಬರೆದು ಕೊಟ್ಟ ಲೆಕ್ಕ ಅಥವಾ ಪ್ರಬಂಧವನ್ನು ಸಾಲು ಸಾಲಾಗಿ ಬಿಡಿಸಿ ಮಾತಾಡುತ್ತಾರೆ. ತಪ್ಪಿದ್ದರೆ ಎಲ್ಲಿ ತಪ್ಪಿತು, ಸರಿಯಿದ್ದರೆ ಇನ್ನೂ ಚೆನ್ನಾಗಿ ಹೇಗೆ ಮಾಡಬಹುದಿತ್ತು ಎಂಬ ಚರ್ಚೆ. ಕೇಂಬ್ರಿಡ್ಜ್‌ನ ಹೆಸರಿಗೆ ಕಟ್ಟಡಗಳಿಗಿಂತ ಈ ಒಂದು ಗಂಟೆಯೇ ಹೆಚ್ಚು ಕಾರಣ ಎಂದು ನನಗನ್ನಿಸುತ್ತದೆ.

ಇದನ್ನು ನಮ್ಮ ಮಠಗಳ ಜೊತೆ ಹೋಲಿಸಿದರೆ ಬೇಗ ಅರ್ಥವಾಗುತ್ತದೆ. ಮಠಕ್ಕೆ ತನ್ನದೇ ಜಮೀನಿರುತ್ತದೆ, ಕಟ್ಟಡಗಳಿರುತ್ತವೆ, ನಡೆಸುವ ಒಬ್ಬ ಹಿರಿಯರಿರುತ್ತಾರೆ, ದಾಸೋಹ ಇರುತ್ತದೆ. ಅಲ್ಲಿ ಉಳಿದುಕೊಂಡು ಓದುವ ಹುಡುಗರು ಪರೀಕ್ಷೆ ಬರೆಯುವುದು ಮಾತ್ರ ಬೇರೆಯವರು ನಡೆಸುವ ವ್ಯವಸ್ಥೆಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ 10ನೇ ಶತಮಾನದ ಶಾಸನವಿದೆ. ಓದುವವರಿಗೆ ಶಾಲೆ, ಇರಲು ಮನೆಗಳು, ಖರ್ಚಿಗೆ ದತ್ತಿ ಭೂಮಿ ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಓದುವವರ ಅನ್ನಕ್ಕೆ ಭೂಮಿ ಬಿಡುವ ಇದೇ ಏರ್ಪಾಡು ಯುರೋಪಿನಲ್ಲಿ ‘ಕಾಲೇಜು’ ಎಂಬ ಹೆಸರು ಪಡೆಯಿತು. ಆ ಪದದ ಮೂಲ ಲ್ಯಾಟಿನ್, ಅರ್ಥ ‘ಒಂದು ಕಟ್ಟಳೆಗೆ ಒಳಪಟ್ಟ ಬಳಗ’. ಹಾಗಾಗಿ ಅಲ್ಲಿ ಕಾಲೇಜಿಗೆ ಸೇರಿದವರನ್ನು ‘ಸದಸ್ಯರು’ ಎಂದು ಕರೆಯುತ್ತಾರೆ. ಓದು ಮುಗಿದ ಮೇಲೂ ಅವರು ಸದಸ್ಯರೇ. ಈ ‘ಸದಸ್ಯ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಯಾರನ್ನು ಒಳಗೆ ಬಿಟ್ಟರು, ಯಾವ ಪಂಕ್ತಿಯಲ್ಲಿ ಕೂರಿಸಿದರು, ಯಾರನ್ನು ಹೊರಗಿಟ್ಟರು ಎಂಬುದೇ ಟ್ರಿನಿಟಿಯ ಇತಿಹಾಸ.

ಹಾಗಾದರೆ ನಮ್ಮಲ್ಲಿ ಅರ್ಥ ಬದಲಾದದ್ದು ಏಕೆ?

1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳನ್ನು ಕಟ್ಟುವಾಗ ಬ್ರಿಟಿಷರು ಮಾದರಿಯಾಗಿ ತೆಗೆದುಕೊಂಡದ್ದು ಕೇಂಬ್ರಿಡ್ಜನ್ನಲ್ಲ, ಲಂಡನ್ ವಿಶ್ವವಿದ್ಯಾಲಯವನ್ನು. ಆಗಿನ ಲಂಡನ್ ವಿಶ್ವವಿದ್ಯಾಲಯ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಪಾಠವನ್ನು ಬೇರೆ ಬೇರೆ ಕಾಲೇಜುಗಳು ಮಾಡುತ್ತಿದ್ದವು. ಇದು ಖರ್ಚು ಕಡಿಮೆ ಬೀಳುವ, ದೊಡ್ಡ ದೇಶಕ್ಕೆ ಬೇಗ ಹಬ್ಬಿಸಬಹುದಾದ ವ್ಯವಸ್ಥೆ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದವು. ಪದ ಒಂದೇ, ಕೆಲಸ ಬೇರೆ. ನಮ್ಮ ಗೊಂದಲದ ಬೇರು ಇಲ್ಲಿದೆ.

ಎಂಟನೇ ಹೆನ್ರಿಯ ಕೊನೆಯ ದೊಡ್ಡ ದತ್ತಿ

1209ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಊರಿನವರಿಗೂ ಓದುವವರಿಗೂ ಜಗಳವಾಗಿ ಕೆಲವು ವಿದ್ವಾಂಸರು ಅಲ್ಲಿಂದ ಕೇಂಬ್ರಿಡ್ಜ್‌ಗೆ ಬಂದು ನೆಲೆಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹುಟ್ಟು ಅದು. ಆಗ ಕಾಲೇಜುಗಳಿರಲಿಲ್ಲ. ಹುಡುಗರು ಊರಿನ ಮನೆಗಳಲ್ಲಿ ಬಾಡಿಗೆಗೆ ಇರುತ್ತಿದ್ದರು. ಮೊದಲ ಕಾಲೇಜು ಪೀಟರ್‌ಹೌಸ್ ಬಂದದ್ದು 1284ರಲ್ಲಿ. ಎಂದರೆ ವಿಶ್ವವಿದ್ಯಾಲಯ ಮೊದಲು, ಕಾಲೇಜು ಆಮೇಲೆ.

ಟ್ರಿನಿಟಿಯ ಕಥೆಯಲ್ಲಿ ಎರಡು ಹಳೆಯ ಮನೆಗಳಿವೆ. 1317ರಲ್ಲಿ ಎರಡನೇ ಎಡ್ವರ್ಡ್ ದೊರೆ ತನ್ನ ಖರ್ಚಿನಲ್ಲಿ ಓದಲು ಕಳಿಸಿದ ಹುಡುಗರಿಂದ ಬೆಳೆದದ್ದು ಕಿಂಗ್ಸ್ ಹಾಲ್. 1324ರಲ್ಲಿ ಸ್ಥಾಪನೆಯಾದದ್ದು ಮೈಕಲ್‌ಹೌಸ್. ಎರಡೂ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಪಕ್ಕಪಕ್ಕದಲ್ಲಿ ನಡೆದವು.

ಆಮೇಲೆ ಎಂಟನೇ ಹೆನ್ರಿಯ ಕಾಲ ಬಂತು. ಪೋಪ್‌ನ ಜೊತೆ ಸಂಬಂಧ ಕಡಿದುಕೊಂಡ ಈ ದೊರೆ 1536ರಿಂದ 1540ರ ನಡುವೆ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡ. 1545ರಲ್ಲಿ ಹೊಸ ಕಾಯ್ದೆ ಬಂದು ಕಾಲೇಜುಗಳ ಆಸ್ತಿಯ ಮೇಲೂ ಕೈಹಾಕುವ ಅಧಿಕಾರ ಅವನಿಗೆ ಸಿಕ್ಕಿತು. ಕೇಂಬ್ರಿಡ್ಜ್‌ನವರು ಹೆದರಿ ರಾಣಿ ಕ್ಯಾಥರೀನ್ ಪಾರ್‌ಗೆ ಮೊರೆಯಿಟ್ಟರು. ಆಕೆ ದೊರೆಯ ಬಳಿ ಅವರ ಪರವಾಗಿ ಮಾತಾಡಿದಳು. 1546ರ ಡಿಸೆಂಬರಿನಲ್ಲಿ ಹೆನ್ರಿ ಕಿಂಗ್ಸ್ ಹಾಲ್, ಮೈಕಲ್‌ಹೌಸ್ ಮತ್ತು ಸುತ್ತಲಿನ ಕೆಲವು ವಸತಿಗೃಹಗಳನ್ನು ಒಂದುಗೂಡಿಸಿ ಹೊಸ ಕಾಲೇಜಿಗೆ ಸನ್ನದು ಕೊಟ್ಟ. ಮುಚ್ಚಿದ ಮಠಗಳ ಜಮೀನಿನಲ್ಲಿ ಒಂದಷ್ಟನ್ನು ಅದಕ್ಕೆ ಬಿಟ್ಟುಕೊಟ್ಟ. ಮುಂದಿನ ತಿಂಗಳೇ, 1547ರ ಜನವರಿಯಲ್ಲಿ ತೀರಿಕೊಂಡ.

ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂಬುದು ಕ್ರೈಸ್ತರ ನಂಬಿಕೆ. ಆ ತ್ರಿಯೇಕ ದೇವರ ಹೆಸರೇ ಟ್ರಿನಿಟಿ. ಅದೇ ಊರಿನಲ್ಲಿ ‘ಟ್ರಿನಿಟಿ ಹಾಲ್’ ಎಂಬ ಬೇರೆಯೇ ಕಾಲೇಜಿದೆ, ಅದು 1350ರದು. ಆಕ್ಸ್‌ಫರ್ಡ್‌ನಲ್ಲಿ ಒಂದು ಟ್ರಿನಿಟಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ ಇನ್ನೊಂದು ಟ್ರಿನಿಟಿ. ಅರ್ಜಿ ತುಂಬುವವರು ಇವನ್ನು ಬೆರೆಸಿಕೊಳ್ಳಬಾರದು.

ತೊಟ್ಟಿಮನೆಯಂಥ ಕಟ್ಟಡ

ದೊಡ್ಡ ಹೆಬ್ಬಾಗಿಲು. ಮೇಲೆ ಹೆನ್ರಿಯ ಶಿಲಾಮೂರ್ತಿ. ಅವನ ಕೈಯಲ್ಲಿ ರಾಜದಂಡ ಇರಬೇಕಾದ ಕಡೆ ಕುರ್ಚಿಯ ಕಾಲು ಇದೆ. ಹಿಂದೆಂದೋ ವಿದ್ಯಾರ್ಥಿಗಳು ಮಾಡಿದ ಚೇಷ್ಟೆ, ಕಾಲೇಜು ಹಾಗೇ ಬಿಟ್ಟಿದೆ. ಹೆಬ್ಬಾಗಿಲ ಹೊರಗೆ ಒಂದು ಸೇಬಿನ ಗಿಡ. ನ್ಯೂಟನ್ ಮನೆಯ ತೋಟದ ಮರದ ಸಂತತಿಯಿಂದ ಕಸಿ ಮಾಡಿ 1954ರಲ್ಲಿ ನೆಟ್ಟದ್ದು.

ಒಳಗೆ ಕಾಲಿಟ್ಟರೆ ‘ಗ್ರೇಟ್ ಕೋರ್ಟ್’. ಕೋರ್ಟ್ ಎಂದರೆ ಇಲ್ಲಿ ನ್ಯಾಯಾಲಯವಲ್ಲ, ಅಂಗಳ. ನಾಲ್ಕೂ ಕಡೆ ಕೋಣೆಗಳು, ನಡುವೆ ಬಯಲು. ನಮ್ಮ ತೊಟ್ಟಿಮನೆಯ ಲೆಕ್ಕಾಚಾರವೇ, ಆದರೆ ಈ ತೊಟ್ಟಿಯ ವಿಸ್ತಾರ ಸುಮಾರು ಎರಡು ಎಕರೆ. 1593ರಿಂದ 1615ರವರೆಗೆ ಮುಖ್ಯಸ್ಥರಾಗಿದ್ದ ಥಾಮಸ್ ನೆವಿಲ್ ಅಡ್ಡಾದಿಡ್ಡಿ ಇದ್ದ ಹಳೆಯ ಕಟ್ಟಡಗಳಲ್ಲಿ ಕೆಲವನ್ನು ಕೆಡವಿ ಈ ರೂಪ ಕೊಟ್ಟರು. ನಡುವೆ ಕಾರಂಜಿ. ಹುಲ್ಲಿನ ಮೇಲೆ ನಡೆಯುವ ಹಕ್ಕು ಕಾಲೇಜಿನ ಹಿರಿಯ ಸದಸ್ಯರಾದ ‘ಫೆಲೊ’ಗಳಿಗೆ ಮಾತ್ರ, ಉಳಿದವರು ಕಲ್ಲುದಾರಿಯಲ್ಲೇ ಸುತ್ತಿ ಹೋಗಬೇಕು. ಗೋಪುರದ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ ಹೊಡೆಯುತ್ತದೆ, ಮೊದಲು ಗಡಸು ದನಿಯಲ್ಲಿ, ಮತ್ತೆ ತೆಳು ದನಿಯಲ್ಲಿ.

ಉದ್ದನೆಯ ಪಡಸಾಲೆಗಳು ಇಲ್ಲಿಲ್ಲ. ಅಂಗಳದಿಂದ ನೇರವಾಗಿ ಮೇಲೇರುವ ಮೆಟ್ಟಿಲ ಸಾಲುಗಳಿವೆ, ಒಂದೊಂದಕ್ಕೆ ಒಂದೊಂದು ಅಕ್ಷರದ ಹೆಸರು. ಪ್ರತಿ ಮೆಟ್ಟಿಲ ಬುಡದಲ್ಲಿ ಮೇಲೆ ವಾಸಿಸುವವರ ಹೆಸರು ಬರೆದ ಹಲಗೆ. ಫೆಲೊ, ವಿದ್ಯಾರ್ಥಿ ಇಬ್ಬರೂ ಒಂದೇ ಮೆಟ್ಟಿಲು ಹತ್ತಬಹುದು.

ಯಾರ್ಯಾರು ಸದಸ್ಯರು?

ಎಲ್ಲರಿಗಿಂತ ಮೇಲೆ ‘ಮಾಸ್ಟರ್’. ಕಾಲೇಜಿನ ಮುಖ್ಯಸ್ಥರು. ಹೆಚ್ಚಿನ ಕಾಲೇಜುಗಳಲ್ಲಿ ಒಳಗಿನವರೇ ಆರಿಸಿಕೊಳ್ಳುತ್ತಾರೆ, ಟ್ರಿನಿಟಿಯಲ್ಲಿ ನೇಮಕ ಬ್ರಿಟನ್ನಿನ ರಾಜಮನೆತನದ ಹೆಸರಿನಲ್ಲಿ ಆಗುತ್ತದೆ. ಹೆನ್ರಿಯ ಕಾಲದ ಪದ್ಧತಿ ಅದು.

ಮಾಸ್ಟರ್ ನಂತರ ‘ಫೆಲೊ’ಗಳು. ಫೆಲೊ ಎಂದರೆ ಕಾಲೇಜಿನ ಪಾಲುದಾರ ಎಂದು ತಿಳಿಯಿರಿ. ಆಸ್ತಿ, ನಿಯಮ, ಪ್ರವೇಶ ಎಲ್ಲದರಲ್ಲೂ ಅವರ ಮಾತು ನಡೆಯುತ್ತದೆ. ಊಟದ ಮನೆಯಲ್ಲಿ ಎತ್ತರದ ಕಟ್ಟೆಯ ಮೇಲೆ ಅವರ ಪಂಕ್ತಿ, ಅದರ ಹೆಸರು ‘ಹೈ ಟೇಬಲ್’. ಕೆಳಗಿನ ಉದ್ದನೆಯ ಮೇಜುಗಳಲ್ಲಿ ವಿದ್ಯಾರ್ಥಿಗಳು. ವಿದ್ಯಾರ್ಥಿಗಳಲ್ಲೂ ಪರೀಕ್ಷೆಯಲ್ಲಿ ಮುಂದಿರುವವರು ‘ಸ್ಕಾಲರ್’. ಹಿಂದೆ ‘ಸೈಜರ್’ ಎಂಬ ದರ್ಜೆಯೂ ಇತ್ತು. ಬಡ ಹುಡುಗರು ಶುಲ್ಕದ ರಿಯಾಯಿತಿಗೆ ಬದಲಾಗಿ ಸಿರಿವಂತ ವಿದ್ಯಾರ್ಥಿಗಳ ಮತ್ತು ಫೆಲೊಗಳ ಚಾಕರಿ ಮಾಡಬೇಕಿತ್ತು.

ಮೊದಲ ಮುನ್ನೂರು ವರ್ಷ ಫೆಲೊ ಆಗುವುದು ಅರ್ಧ ಸನ್ಯಾಸ ತೆಗೆದುಕೊಂಡಂತೆ. ಬಹುಪಾಲು ಫೆಲೊಗಳು ಪಾದ್ರಿಗಳಾಗಬೇಕಿತ್ತು. ಮದುವೆಯಾದರೆ ಸ್ಥಾನ ಬಿಡಬೇಕಿತ್ತು. ಇಂಗ್ಲೆಂಡಿನ ಚರ್ಚಿಗೆ ಸೇರದವರಿಗೆ ಈ ಸ್ಥಾನಗಳು ತೆರೆದದ್ದು 1871ರ ಕಾಯ್ದೆಯಿಂದ. ಮದುವೆಯ ನಿರ್ಬಂಧ ಸಡಿಲಾದದ್ದು 19ನೇ ಶತಮಾನದ ಕೊನೆಗೆ.

ಚಾಕರಿ ಮಾಡಿಕೊಂಡು ಬಂದ ನ್ಯೂಟನ್

1661ರ ಜೂನ್‌ನಲ್ಲಿ ಹದಿನೆಂಟು ವರ್ಷದ ಐಸಾಕ್ ನ್ಯೂಟನ್ ಟ್ರಿನಿಟಿಗೆ ಬಂದದ್ದು ಸೈಜರ್‌ಗಿಂತಲೂ ಒಂದು ಮೆಟ್ಟಿಲು ಕೆಳಗಿನ ‘ಸಬ್‌ಸೈಜರ್’ ಆಗಿ. ಬಂದ ಹೊಸದರಲ್ಲಿ ಕೊಂಡ ಸಾಮಾನುಗಳನ್ನು ಅವನೇ ಬರೆದಿಟ್ಟಿದ್ದಾನೆ: ಮೇಜಿಗೆ ಒಂದು ಬೀಗ, ಶಾಯಿ ಮತ್ತು ಶಾಯಿಯ ಸೀಸೆ, ಒಂದು ನೋಟ್‌ಬುಕ್, ಒಂದು ಪೌಂಡ್ ಮೇಣದಬತ್ತಿ, ರಾತ್ರಿ ಬಳಸುವ ಮೂತ್ರಪಾತ್ರೆ. ಹಾಸ್ಟೆಲ್ ಸೇರಿದ ಯಾವ ಹುಡುಗನ ಮೊದಲ ವಾರದ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬೀಗವನ್ನು ಮೊದಲು ಕೊಂಡದ್ದು ನ್ಯೂಟನ್‌ನ ಸ್ವಭಾವಕ್ಕೆ ತಕ್ಕ ಹಾಗಿದೆ.

1665ರಲ್ಲಿ ಪದವಿ ಬಂತು, ಅದೇ ವರ್ಷ ಪ್ಲೇಗ್ ಬಂದು ವಿಶ್ವವಿದ್ಯಾಲಯ ಮುಚ್ಚಿತು. ಊರಿಗೆ ಮರಳಿ ಅಲ್ಲಿದ್ದ ಕಾಲದಲ್ಲೇ ಬೆಳಕು, ಗುರುತ್ವ, ಕಲನಶಾಸ್ತ್ರದ ಮೊದಲ ಯೋಚನೆಗಳು ಮೂಡಿದವು. 1667ರಲ್ಲಿ ಮರಳಿದಾಗ ಕಾಲೇಜು ಅವನನ್ನು ಫೆಲೊ ಮಾಡಿಕೊಂಡಿತು. 1669ರಲ್ಲಿ ಗುರು ಐಸಾಕ್ ಬ್ಯಾರೋ ಬಿಟ್ಟುಕೊಟ್ಟ ಲುಕೇಸಿಯನ್ ಗಣಿತ ಪೀಠ ಸಿಕ್ಕಿತು. ಪೀಠ ವಿಶ್ವವಿದ್ಯಾಲಯದ್ದು, ಫೆಲೊ ಸ್ಥಾನ ಕಾಲೇಜಿನದು. ಒಬ್ಬನೇ ಮನುಷ್ಯ ಎರಡೂ ಕಡೆ ಇರುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಒಂದು ತೊಡಕಿತ್ತು. ಫೆಲೊ ಆದವನು ಏಳು ವರ್ಷದೊಳಗೆ ಪಾದ್ರಿಯ ದೀಕ್ಷೆ ಪಡೆಯಬೇಕಿತ್ತು. ನ್ಯೂಟನ್ ಗುಟ್ಟಾಗಿ ಧರ್ಮಗ್ರಂಥಗಳನ್ನು ಓದಿ ಓದಿ ತ್ರಿಯೇಕ ದೇವರ ಕಲ್ಪನೆಯೇ ತಪ್ಪು ಎಂಬ ತೀರ್ಮಾನಕ್ಕೆ ಬಂದಿದ್ದ. ಕಾಲೇಜಿನ ಹೆಸರೇ ಟ್ರಿನಿಟಿ! ಬಾಯಿಬಿಟ್ಟರೆ ಸ್ಥಾನ ಹೋಗುತ್ತದೆ, ಸುಳ್ಳು ಹೇಳಲು ಮನಸ್ಸಿಲ್ಲ. 1675ರಲ್ಲಿ ಲುಕೇಸಿಯನ್ ಪೀಠದಲ್ಲಿರುವವರು ದೀಕ್ಷೆ ಪಡೆಯಬೇಕಾಗಿಲ್ಲ ಎಂಬ ರಾಜಾಜ್ಞೆ ಬಂದು ಅವನು ಉಳಿದ. ಹೆಬ್ಬಾಗಿಲಿಗೂ ಕಾಲೇಜಿನ ಪ್ರಾರ್ಥನಾ ಮಂದಿರವಾದ ಚಾಪೆಲ್‌ಗೂ ನಡುವಿನ ಕೋಣೆಗಳಲ್ಲಿ ಕೂತು ಚಲನೆ, ಗುರುತ್ವಗಳ ನಿಯಮ ಹೇಳುವ ‘ಪ್ರಿನ್ಸಿಪಿಯಾ’ ಗ್ರಂಥ ಬರೆದ, ಅದು 1687ರಲ್ಲಿ ಅಚ್ಚಾಯಿತು. ನೆವಿಲ್ಸ್ ಕೋರ್ಟ್ ಎಂಬ ಹಿಂದಿನ ಅಂಗಳದ ಉದ್ದನೆಯ ಕಂಬಸಾಲಿನಲ್ಲಿ ಸದ್ದು ಮಾಡಿ, ಪ್ರತಿಧ್ವನಿ ಮರಳಿ ಬರಲು ಹಿಡಿಯುವ ಹೊತ್ತನ್ನು ಲೋಲಕದಿಂದ ಅಳೆದು, ಶಬ್ದದ ವೇಗವನ್ನು ಲೆಕ್ಕ ಹಾಕಿದ. 1696ರಲ್ಲಿ ಲಂಡನ್ನಿನ ಟಂಕಸಾಲೆಗೆ ಹೋಗುವವರೆಗೆ ಸುಮಾರು 35 ವರ್ಷ ಅವನ ಮನೆ ಈ ಕಾಲೇಜೇ.

ಟ್ರಿನಿಟಿಯ ಉಳಿದ ಹೆಸರುಗಳನ್ನು ಪಟ್ಟಿ ಮಾಡಿದರೆ ಪುಟಗಳು ಸಾಲವು. ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್, ಕವಿಗಳಾದ ಡ್ರೈಡನ್, ಬೈರನ್, ಟೆನಿಸನ್, ವಿದ್ಯುತ್ಕಾಂತ ಸಿದ್ಧಾಂತದ ಮ್ಯಾಕ್ಸ್‌ವೆಲ್, ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್. ನಾಯಿ ಸಾಕಬಾರದೆಂಬ ನಿಯಮವಿದೆ ಎಂದು ಬೈರನ್ ಕರಡಿಯನ್ನೇ ತಂದು ಸಾಕಿದ. ಕಾಲೇಜಿನ ಸದಸ್ಯರು ಪಡೆದ ನೊಬೆಲ್ ಪ್ರಶಸ್ತಿಗಳ ಸಂಖ್ಯೆ 30ಕ್ಕೂ ಹೆಚ್ಚು. 1835ರಲ್ಲಿ ಭಾರತಕ್ಕೆ ಇಂಗ್ಲಿಷ್ ಶಿಕ್ಷಣವೇ ಬೇಕೆಂದು ಟಿಪ್ಪಣಿ ಬರೆದ ಮೆಕಾಲೆ ಕೂಡ ಈ ಕಾಲೇಜಿನ ಫೆಲೊ. ಚಾಪೆಲ್‌ನ ಮುಂದಣ ಕೋಣೆಯಲ್ಲಿ ನ್ಯೂಟನ್ ನಿಂತಿರುವ ಅಮೃತಶಿಲೆಯ ಮೂರ್ತಿ ಇದೆ. ಅದೇ ಕೋಣೆಯಲ್ಲಿ ಮೆಕಾಲೆಯ ಮೂರ್ತಿಯೂ ಇದೆ.

ರಾಮಾನುಜನ್ ಇದ್ದ ಕೋಣೆ

1913ರ ಜನವರಿಯಲ್ಲಿ ಮದ್ರಾಸ್ ಬಂದರು ಕಚೇರಿಯ ಗುಮಾಸ್ತ ರಾಮಾನುಜನ್ ಬರೆದ ಪತ್ರ ಟ್ರಿನಿಟಿಯ ಫೆಲೊ ಜಿ.ಎಚ್. ಹಾರ್ಡಿ ಅವರ ಕೈಸೇರಿತು. ಹಾರ್ಡಿ ಮತ್ತು ಇನ್ನೊಬ್ಬ ಫೆಲೊ ಲಿಟಲ್‌ವುಡ್ ಅದರಲ್ಲಿದ್ದ ಸೂತ್ರಗಳನ್ನು ಕೂತು ಪರಿಶೀಲಿಸಿದರು. ಇವನ್ನು ಬರೆದವರು ಅಸಾಮಾನ್ಯರು ಎಂಬುದು ಖಚಿತವಾಯಿತು. 1914ರ ಏಪ್ರಿಲ್‌ನಲ್ಲಿ ರಾಮಾನುಜನ್ ಕೇಂಬ್ರಿಡ್ಜ್ ತಲುಪಿದರು. ಮೊದಲು ಇ.ಎಚ್. ನೆವಿಲ್ ಎಂಬ ಫೆಲೊ ಮನೆಯಲ್ಲಿದ್ದು, ಆಮೇಲೆ ಕಾಲೇಜಿನ ವ್ಯೂವೆಲ್ಸ್ ಕೋರ್ಟ್‌ನ ಕೋಣೆಗೆ ಬಂದರು. ಕೆಲವೇ ತಿಂಗಳಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ನ್ಯೂಟನ್ ಪ್ರತಿಧ್ವನಿ ಅಳೆದ ಕಂಬಸಾಲಿನಲ್ಲಿ ಗಾಯಾಳು ಸೈನಿಕರ ಹಾಸಿಗೆಗಳು ಬಿದ್ದವು.

ಕಾಲೇಜಿನ ಜೀವ ಇರುವುದು ಸಹಪಂಕ್ತಿ ಭೋಜನದಲ್ಲಿ. ರಾಮಾನುಜನ್ ಕಟ್ಟಾ ಸಸ್ಯಾಹಾರಿ, ಅಲ್ಲಿನ ಊಟದ ಮನೆಗೆ ಹೋಗುವಂತಿರಲಿಲ್ಲ. ಕೋಣೆಯಲ್ಲೇ ಒಲೆ ಹಚ್ಚಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಯುದ್ಧದಿಂದ ಬೇಕಾದ ಸಾಮಾನು ಸಿಗುವುದೂ ಕಷ್ಟವಾಯಿತು. ಆಗ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ, ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಹೆಸರಾದ ಪಿ.ಸಿ. ಮಹಾಲನೋಬಿಸ್ ಆ ದಿನಗಳ ಎರಡು ನೆನಪುಗಳನ್ನು ಹೇಳಿದ್ದಾರೆ. ರಾತ್ರಿ ಚಳಿಗೆ ನಿದ್ದೆ ಬರುವುದಿಲ್ಲ, ಕೋಟು ಹಾಕಿಕೊಂಡು ಶಾಲು ಹೊದ್ದು ಮಲಗುತ್ತೇನೆ ಎಂದರಂತೆ ರಾಮಾನುಜನ್. ಮಹಾಲನೋಬಿಸ್ ಹೋಗಿ ನೋಡಿದರೆ ಮಂಚದ ಮೇಲೆ ಬೇಕಾದಷ್ಟು ಕಂಬಳಿಗಳಿವೆ, ಆದರೆ ಎಲ್ಲವನ್ನೂ ಹಾಸಿಗೆಯ ಅಂಚಿಗೆ ಮಡಚಿ ಸಿಕ್ಕಿಸಿ ಮೇಲೆ ಹೊದಿಕೆ ಹಾಸಲಾಗಿದೆ. ಅವುಗಳ ಒಳಗೆ ನುಸುಳಿ ಮಲಗಬೇಕು ಎಂದು ರಾಮಾನುಜನ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಆ ಹೊದಿಕೆಯ ಮೇಲೆಯೇ ಮಲಗುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ನೆನಪು ಒಲೆಯ ಮುಂದಿನದು. ರಾಮಾನುಜನ್ ಬಾಣಲೆಯಲ್ಲಿ ಏನನ್ನೋ ಕೈಯಾಡಿಸುತ್ತಿದ್ದಾರೆ, ಮಹಾಲನೋಬಿಸ್ ಪತ್ರಿಕೆಯಲ್ಲಿ ಬಂದ ಒಗಟು ಓದಿ ಹೇಳುತ್ತಿದ್ದಾರೆ. ಒಂದು ಬೀದಿಯ ಮನೆಗಳಿಗೆ 1, 2, 3 ಎಂದು ಸಂಖ್ಯೆ. ಒಂದು ಮನೆಯ ಎಡಕ್ಕಿರುವ ಎಲ್ಲ ಸಂಖ್ಯೆಗಳ ಮೊತ್ತ ಬಲಕ್ಕಿರುವ ಎಲ್ಲವುಗಳ ಮೊತ್ತಕ್ಕೆ ಸಮ. ಮನೆಗಳು 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ. ಆ ಮನೆಯ ಸಂಖ್ಯೆ ಯಾವುದು? ಉತ್ತರ 204, ಬೀದಿಯಲ್ಲಿ 288 ಮನೆ. ರಾಮಾನುಜನ್ ಕೈಯಾಡಿಸುತ್ತಲೇ ಒಂದು ‘ನಿರಂತರ ಭಿನ್ನರಾಶಿ’ಯನ್ನು ಬರೆದುಕೊಳ್ಳಲು ಹೇಳಿದರು. ಭಿನ್ನರಾಶಿಯ ಛೇದದೊಳಗೆ ಇನ್ನೊಂದು ಭಿನ್ನರಾಶಿ, ಅದರ ಛೇದದೊಳಗೆ ಮತ್ತೊಂದು, ಹೀಗೆ ಮುಗಿಯದೆ ಸಾಗುವ ಸರಪಳಿ ಅದು. 50, 500ರ ಮಿತಿಯನ್ನು ತೆಗೆದುಹಾಕಿದರೂ ಆ ಒಗಟಿಗೆ ಇರುವ ಎಲ್ಲ ಉತ್ತರಗಳೂ ಅದರಲ್ಲೇ ಅಡಗಿದ್ದವು.

1916ರಲ್ಲಿ ಸಂಶೋಧನೆಯ ಆಧಾರದ ಮೇಲೆ ಬಿ.ಎ. ಪದವಿ ಬಂತು. ಅದನ್ನು ಕೊಟ್ಟದ್ದು ವಿಶ್ವವಿದ್ಯಾಲಯ. ಕಾಲೇಜಿನ ಫೆಲೊ ಮಾಡುವ ಪ್ರಯತ್ನ 1917ರಲ್ಲಿ ಸೋತಿತು. ಜನಾಂಗದ ಪೂರ್ವಗ್ರಹವೂ ಆ ವಿರೋಧದಲ್ಲಿತ್ತು ಎಂಬುದನ್ನು ಲಿಟಲ್‌ವುಡ್ ಮುಂದೆ ದಾಖಲಿಸಿದ್ದಾರೆ. 1918ರ ಮೇ ತಿಂಗಳಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೊ ಆದರು. ದೇಶದ ಅತ್ಯುನ್ನತ ವಿಜ್ಞಾನ ಸಂಸ್ಥೆ ಒಪ್ಪಿದವರನ್ನು ಕಾಲೇಜು ತಿರಸ್ಕರಿಸುವುದು ಕಷ್ಟವಾಯಿತು. ಅಕ್ಟೋಬರಿನಲ್ಲಿ ಟ್ರಿನಿಟಿ ಅವರನ್ನು ಫೆಲೊ ಆಗಿ ಆರಿಸಿತು. ಆ ಸ್ಥಾನ ಪಡೆದ ಮೊದಲ ಭಾರತೀಯ ಅವರು. ವರ್ಷಕ್ಕೆ ಸುಮಾರು 250 ಪೌಂಡ್, ಆರು ವರ್ಷ, ಯಾವ ಕರಾರೂ ಇಲ್ಲ. ಆ ಹೊತ್ತಿಗೆ ಅವರ ದೇಹ ಸೋತುಹೋಗಿತ್ತು. 1919ರಲ್ಲಿ ಊರಿಗೆ ಮರಳಿ 1920ರ ಏಪ್ರಿಲ್ 26ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದೇ ಪಂಕ್ತಿ, ಎರಡು ಮಾತು

ಫೆಲೊಗಳು ಸಮಾನರು ಎಂದರೆ ಜಗಳವಿಲ್ಲ ಎಂದಲ್ಲ. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಯುದ್ಧವನ್ನು ವಿರೋಧಿಸಿ ಬರೆದ ಕರಪತ್ರಕ್ಕಾಗಿ 1916ರಲ್ಲಿ ದಂಡ ತೆತ್ತರು. ಅದನ್ನೇ ನೆಪಮಾಡಿ ಕಾಲೇಜಿನ ಆಡಳಿತ ಅವರನ್ನು ಅಧ್ಯಾಪಕ ಸ್ಥಾನದಿಂದ ತೆಗೆಯಿತು. ಹಾರ್ಡಿ ಸೇರಿ ಹಲವರು ಇದಕ್ಕೆ ನೊಂದುಕೊಂಡರು. ರಸೆಲ್ ಮತ್ತೆ ಫೆಲೊ ಆಗಿ ಬಂದದ್ದು 1944ರಲ್ಲಿ.

ಸುಬ್ರಹ್ಮಣ್ಯನ್ ಚಂದ್ರಶೇಖರ್ ಕಥೆ ಇನ್ನೂ ತೀಕ್ಷ್ಣ. 1930ರಲ್ಲಿ, 19 ವರ್ಷದ ಹುಡುಗ, ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಾ ಮಾಡಿದ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡರು. ಇಂಧನ ಮುಗಿದ ನಕ್ಷತ್ರ ಕುಗ್ಗಿ ‘ಶ್ವೇತ ಕುಬ್ಜ’ವಾಗಿ ನಿಲ್ಲುತ್ತದೆ, ಆದರೆ ಒಂದು ತೂಕದ ಮಿತಿಯವರೆಗೆ ಮಾತ್ರ. ಅದನ್ನು ಮೀರಿದರೆ ಕುಗ್ಗುವುದು ನಿಲ್ಲುವುದೇ ಇಲ್ಲ. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು ಎಂದು ಈಗ ಎಲ್ಲರೂ ಒಪ್ಪುತ್ತಾರೆ. 1933ರಲ್ಲಿ ಚಂದ್ರಶೇಖರ್ ಟ್ರಿನಿಟಿಯ ಫೆಲೊ ಆದರು. ಖಗೋಳಶಾಸ್ತ್ರದ ದಿಗ್ಗಜ ಆರ್ಥರ್ ಎಡಿಂಗ್‌ಟನ್ ಕೂಡ ಅಲ್ಲಿಯ ಫೆಲೊ. ಎಡಿಂಗ್‌ಟನ್ ಆಗಾಗ ಚಂದ್ರಶೇಖರ್ ಕೋಣೆಗೆ ಬಂದು ಲೆಕ್ಕ ಎಲ್ಲಿಯವರೆಗೆ ಬಂತು ಎಂದು ವಿಚಾರಿಸುತ್ತಿದ್ದರು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಚಂದ್ರಶೇಖರ್ ಪ್ರಬಂಧ ಮಂಡಿಸಿ ಕೂತ ಕೂಡಲೇ ಅದೇ ಎಡಿಂಗ್‌ಟನ್ ಎದ್ದು ಎಲ್ಲರೆದುರು ಅದನ್ನು ಗೇಲಿಮಾಡಿ ತಳ್ಳಿಹಾಕಿದರು. ನಕ್ಷತ್ರ ಹಾಗೆ ವರ್ತಿಸದಂತೆ ತಡೆಯುವ ನಿಯಮ ಇರಲೇಬೇಕು ಎಂಬುದು ಅವರ ವಾದ. ಚಂದ್ರಶೇಖರ್ 1937ರ ಹೊತ್ತಿಗೆ ಅಮೆರಿಕಕ್ಕೆ ಹೋದರು. ನೊಬೆಲ್ ಬಂದದ್ದು 1983ರಲ್ಲಿ. ಇಷ್ಟಾದರೂ ಅವರಿಬ್ಬರ ನಡುವಿನ ವಿಶ್ವಾಸ ಮುರಿಯಲಿಲ್ಲ ಎಂಬುದು ನನಗೆ ಇಂದಿಗೂ ಅಚ್ಚರಿ.

ಭಾರತದಿಂದ ಹೋದ ಇತರರೂ ಇದ್ದಾರೆ. ನೆಹರೂ 1907ರಿಂದ 1910ರವರೆಗೆ ಇಲ್ಲಿ ವಿಜ್ಞಾನ ಓದಿದರು. ಕವಿ ಇಕ್ಬಾಲ್, ಕ್ರಿಕೆಟ್ಟಿನ ರಣಜಿತ್‌ಸಿಂಹಜಿ, ರಾಜೀವ್ ಗಾಂಧಿ ಇಲ್ಲಿಯ ವಿದ್ಯಾರ್ಥಿಗಳು. 1953ರಲ್ಲಿ ವಿದ್ಯಾರ್ಥಿಯಾಗಿ ಬಂದ ಅಮರ್ತ್ಯ ಸೇನ್ 1998ರಲ್ಲಿ ಮಾಸ್ಟರ್ ಆದರು. ರಾಮಾನುಜನ್‌ರನ್ನು ಫೆಲೊ ಮಾಡಬೇಕೇ ಎಂದು ಹಿಂಜರಿದ ಕಾಲೇಜಿಗೆ ಎಂಬತ್ತು ವರ್ಷದ ನಂತರ ಭಾರತೀಯನೊಬ್ಬ ಮುಖ್ಯಸ್ಥ.

ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1976ರಲ್ಲಿ

ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪೂರ್ಣ ಪದವಿ ಕೊಡಲು ಶುರುಮಾಡಿದ್ದು 1948ರಲ್ಲಿ. ಆಗಲೂ ಅವರು ಮಹಿಳಾ ಕಾಲೇಜುಗಳಿಗೇ ಸೇರಬೇಕಿತ್ತು. ಟ್ರಿನಿಟಿ ಸ್ನಾತಕೋತ್ತರ ವಿದ್ಯಾರ್ಥಿನಿಯರನ್ನು 1976ರಲ್ಲಿ, ಮೊದಲ ಮಹಿಳಾ ಫೆಲೊವನ್ನು 1977ರಲ್ಲಿ, ಪದವಿ ವಿದ್ಯಾರ್ಥಿನಿಯರನ್ನು 1978ರಲ್ಲಿ ಸೇರಿಸಿಕೊಂಡಿತು. 2019ರಲ್ಲಿ ವೈದ್ಯೆ ಸ್ಯಾಲಿ ಡೇವಿಸ್ ಮೊದಲ ಮಹಿಳಾ ಮಾಸ್ಟರ್ ಆದರು. ಇಷ್ಟು ತಡವಾದದ್ದಕ್ಕೆ ಒಂದು ಕಾರಣ ವ್ಯವಸ್ಥೆಯಲ್ಲೇ ಇದೆ. ಪ್ರತಿ ಕಾಲೇಜೂ ಸ್ವತಂತ್ರ, ಯಾರನ್ನು ಸದಸ್ಯರಾಗಿ ತೆಗೆದುಕೊಳ್ಳಬೇಕು ಎಂಬುದು ಅದರದೇ ತೀರ್ಮಾನ. ಈ ಸ್ವಾತಂತ್ರ್ಯ ರಾಮಾನುಜನ್‌ನಂಥವರನ್ನು ಪದವಿಯಿಲ್ಲದೆಯೂ ಕರೆಸಿಕೊಳ್ಳಲು ಅವಕಾಶ ಕೊಟ್ಟಿತು. ಅರ್ಧದಷ್ಟು ಜನರನ್ನು 430 ವರ್ಷ ಹೊರಗಿಡಲೂ ಅದೇ ಅವಕಾಶ ಕೊಟ್ಟಿತು.

ಅರ್ಜಿ ಹಾಕುವವರು ತಿಳಿಯಬೇಕಾದದ್ದು

ಕಾಲೇಜು ಯಾವುದಾದರೂ ಪಠ್ಯ, ಪರೀಕ್ಷೆ, ಪದವಿ ಒಂದೇ. ಅರ್ಜಿಯಲ್ಲಿ ಒಂದು ಕಾಲೇಜನ್ನು ಹೆಸರಿಸಬಹುದು, ಅಥವಾ ‘ಯಾವುದಾದರೂ ಆಗಬಹುದು’ ಎಂದು ಬಿಡಬಹುದು. ಒಂದು ಕಾಲೇಜಿಗೆ ಒಳ್ಳೆಯ ಅರ್ಜಿಗಳು ಜಾಸ್ತಿ ಬಂದರೆ ಜಾಗ ಸಿಗದವರ ಹೆಸರನ್ನು ‘ಪೂಲ್’ ಎಂಬ ಸಾಮಾನ್ಯ ಪಟ್ಟಿಗೆ ಹಾಕುತ್ತಾರೆ, ಇತರ ಕಾಲೇಜುಗಳು ಅಲ್ಲಿಂದ ಆರಿಸಿಕೊಳ್ಳುತ್ತವೆ. ಟ್ರಿನಿಟಿ ದೊಡ್ಡದು, ಸುಮಾರು 700 ಪದವಿ ವಿದ್ಯಾರ್ಥಿಗಳಿದ್ದಾರೆ. ಕಾಲೇಜುಗಳಲ್ಲೆಲ್ಲ ಶ್ರೀಮಂತವೂ ಹೌದು. ಹೆನ್ರಿ ಬಿಟ್ಟ ಜಮೀನಿನ ಮೇಲೆ ಮುಂದಿನವರೂ ಕೂಡಿಸುತ್ತಾ ಬಂದರು. 1933ರಲ್ಲಿ ಫೀಲಿಕ್ಸ್‌ಸ್ಟೋ ಬಳಿ ಕೊಂಡ ಜಮೀನಿನ ಪಕ್ಕದ ಸಣ್ಣ ಬಂದರು ಬ್ರಿಟನ್ನಿನ ಅತಿ ದೊಡ್ಡ ಕಂಟೇನರ್ ಬಂದರಾಗಿ ಬೆಳೆಯಿತು. 1970ರಲ್ಲಿ ಊರಂಚಿನ ತನ್ನ ಜಮೀನಿನಲ್ಲಿ ವಿಜ್ಞಾನ ಪಾರ್ಕ್ ತೆರೆಯಿತು. ಈ ಆದಾಯದಿಂದ ವಿದ್ಯಾರ್ಥಿವೇತನಕ್ಕೂ ಸಂಶೋಧನೆಗೂ ಹಣ ಹರಿಯುತ್ತದೆ. ಹಾಗಾಗಿ ಕಾಲೇಜು ಆರಿಸುವಾಗ ನೋಡಬೇಕಾದದ್ದು ವಸತಿ, ಊಟ, ಗಾತ್ರ, ಸಿಗಬಹುದಾದ ಧನಸಹಾಯ. ಹೆಸರು ಆಮೇಲೆ.

ರೆನ್ ಗ್ರಂಥಾಲಯ

ನೆವಿಲ್ಸ್ ಕೋರ್ಟ್‌ನ ಕೊನೆಯಲ್ಲಿ, ನದಿಯ ಕಡೆಗೆ, ಕ್ರಿಸ್ಟೋಫರ್ ರೆನ್ ವಿನ್ಯಾಸ ಮಾಡಿದ ಗ್ರಂಥಾಲಯವಿದೆ. ಮುಗಿದದ್ದು 1695ರಲ್ಲಿ. ನ್ಯೂಟನ್ ಇಟ್ಟುಕೊಂಡಿದ್ದ ‘ಪ್ರಿನ್ಸಿಪಿಯಾ’ದ ಮೊದಲ ಮುದ್ರಣದ ಪ್ರತಿ ಇಲ್ಲಿದೆ, ಎರಡನೇ ಮುದ್ರಣಕ್ಕಾಗಿ ಅವನೇ ಕೈಯಲ್ಲಿ ಬರೆದ ತಿದ್ದುಪಡಿಗಳ ಸಮೇತ.

ಕೊನೆಯ ವರ್ಷದಲ್ಲಿ ಜ್ವರ, ನೋವಿನ ನಡುವೆ ರಾಮಾನುಜನ್ ಬರೆದ ಹಾಳೆಗಳು ಮದ್ರಾಸಿನಿಂದ ಹಾರ್ಡಿಗೆ, ಹಾರ್ಡಿಯಿಂದ ಗಣಿತಜ್ಞ ವಾಟ್ಸನ್‌ಗೆ ಹೋಗಿ, ವಾಟ್ಸನ್ ತೀರಿಕೊಂಡ ಮೇಲೆ ಈ ಗ್ರಂಥಾಲಯಕ್ಕೆ ಬಂದಿದ್ದವು. ಅವು ಅಲ್ಲಿವೆ ಎಂಬುದು ಗಣಿತಲೋಕಕ್ಕೆ ತಿಳಿದಿರಲಿಲ್ಲ. 1976ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಆಂಡ್ರ್ಯೂಸ್ ವಾಟ್ಸನ್ ಕಾಗದಗಳ ಪೆಟ್ಟಿಗೆ ತೆಗೆದು ನೋಡುತ್ತಿದ್ದರು. ನೂರಕ್ಕೂ ಹೆಚ್ಚು ಪುಟ, ಸೂತ್ರದ ಕೆಳಗೆ ಸೂತ್ರ, ಅವು ಏಕೆ ಸರಿ ಎಂದು ತೋರಿಸುವ ಸಾಧನೆ ಎಲ್ಲೂ ಬರೆದಿಲ್ಲ. ಕೈಬರಹ ಯಾರದೆಂದು ಅವರಿಗೆ ಕೂಡಲೇ ಗೊತ್ತಾಯಿತು.